ಇಬ್ಬರು ಮಕ್ಕಳಿಗಾಗಿ ಒಂದು ಸಾಕ್ಷಿ

ಎಲ್ಲರಿಗೂ ವಂದನೆಗಳು.

ಹೋದ ವಾರ ನಮ್ಮ ಮಗನ ಕೊನೆಯ ಮಾತ್ರೆ ಮುಗಿಯಿತು. ಮುಂಬೈ ಪರೇಲಿನ ಟಾಟಾ ಆಸ್ಪತ್ರೆಯ ಡಾಕ್ಟರು ಫೈಲು ಮುಚ್ಚಿ, ಇನ್ನು ಚೆಕಪ್‌ಗೆ ಮಾತ್ರ ಬನ್ನಿ ಅಂದರು. ಅವನಿಗೆ 6 ವರ್ಷ ಇದ್ದಾಗ ರಕ್ತದ ಕ್ಯಾನ್ಸರ್ ಅಂತ ಗೊತ್ತಾಗಿತ್ತು. ಈಗ ಎಂಟೂವರೆ. ತಲೆ ತುಂಬ ಕೂದಲು ಬಂದಿದೆ, ಮೊದಲಿಗಿಂತ ಗುಂಗುರು.

ಈ ಭಾನುವಾರ ಆರಾಧನೆಯಲ್ಲಿ ಸಾಕ್ಷಿ ಹೇಳಬೇಕು ಅಂತ ಸಭೆಯವರು ಕೇಳಿದ್ದಾರೆ. ಹೇಳುತ್ತೇನೆ. ಆದರೆ ಎದ್ದು ನಿಂತು, ನಾವು ಪ್ರಾರ್ಥನೆ ಮಾಡಿದೆವು, ದೇವರು ಕೇಳಿದ ಅಂತ ಎರಡು ಮಾತಿನಲ್ಲಿ ಮುಗಿಸಲು ನನ್ನಿಂದ ಆಗುವುದಿಲ್ಲ. ಯಾಕೆ ಅಂತ ಇಲ್ಲಿ ಬರೆಯುತ್ತೇನೆ. ಥ್ಯಾಂಕ್ಸ್ ಹೇಳಬೇಕಾದವರೂ ತುಂಬಾ ಜನ ಇದ್ದಾರೆ. ಅವರೆಲ್ಲ ಚರ್ಚಿಗೆ ಬರುವವರಲ್ಲ.

ಮೊದಲು ಹೋಟೆಲಿನ ಅಣ್ಣ. ಆಸ್ಪತ್ರೆ ಹತ್ತಿರದ ಗಲ್ಲಿಯಲ್ಲಿ ಅವರ ಸಣ್ಣ ಹೋಟೆಲು, ಊರು ಕುಂದಾಪುರದ ಕಡೆ. ಕೀಮೋ ಶುರುವಾದ ಮೇಲೆ ಮಗ ಏನೂ ತಿನ್ನುತ್ತಿರಲಿಲ್ಲ, ಬಾಯಿ ತುಂಬ ಹುಣ್ಣು. ಒಂದು ದಿನ ಸುಮ್ನೆ ಕೇಳಿದೆ, ಗಂಜಿ ಸಿಗುತ್ತಾ ಅಂತ. ಮೆನುವಿನಲ್ಲಿ ಇರಲಿಲ್ಲ. ಮಾರನೇ ದಿನದಿಂದ ಮಧ್ಯಾಹ್ನ ಹನ್ನೆರಡಕ್ಕೆ ಒಂದು ಸ್ಟೀಲ್ ಡಬ್ಬಿ ಕಾಯುತ್ತಿತ್ತು. ಕುಚ್ಚಲಕ್ಕಿ ಗಂಜಿ, ಚೆನ್ನಾಗಿ ಬೆಂದದ್ದು, ಉಪ್ಪು ಒಂದು ಚೂರು. ಡಬ್ಬಿಯನ್ನು ಕುದಿಯುವ ನೀರಿನಲ್ಲಿ ತೊಳೆಸಿದ್ದೇನೆ ಅಂತ ಪ್ರತಿ ಸಲ ಹೇಳುತ್ತಿದ್ದರು. ದುಡ್ಡು ಕೊಡಲು ಹೋದರೆ, "ದುಡ್ಡು ಎಂತಕ್ಕೆ ಅಕ್ಕ? ಮಾಣಿ ಉಣ್ಲಿ" ಅನ್ನುತ್ತಿದ್ದರು.

ಡೊಂಬಿವಲಿಯಿಂದ ಪರೇಲಿಗೆ ಸ್ಲೋ ಲೋಕಲ್‌ನಲ್ಲಿ ಒಂದು ಗಂಟೆಗೂ ಜಾಸ್ತಿ. ಹ್ಯಾಂಡಿಕ್ಯಾಪ್ ಡಬ್ಬದಲ್ಲಿ ಕ್ಯಾನ್ಸರ್ ಪೇಷಂಟ್‌ಗಳಿಗೂ ಜಾಗ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಕಾಲಿಲ್ಲದ ಒಬ್ಬ ಹಿರಿಯರು ಪ್ಲಾಟ್‌ಫಾರ್ಮಿನಲ್ಲಿ ಮಗನ ಮಾಸ್ಕು ನೋಡಿ ನಮ್ಮನ್ನು ಒಳಗೆ ಕರೆದರು, ಕಿಟಕಿ ಪಕ್ಕ ಕೂರಿಸಿದರು. ಆಮೇಲೆ ಅದೇ ನಮ್ಮ ಡಬ್ಬ ಆಯಿತು.

ಪ್ಲೇಟ್ಲೆಟ್ ಕೊಟ್ಟವರು 11 ಜನ. ಪ್ಲೇಟ್ಲೆಟ್ಟನ್ನು 5 ದಿನಕ್ಕಿಂತ ಜಾಸ್ತಿ ಇಡಲು ಬರುವುದಿಲ್ಲ. ಹಾಗಾಗಿ ಕೌಂಟ್ ಬಿದ್ದಾಗಲೆಲ್ಲ ಹೊಸಬರನ್ನು ಹುಡುಕಬೇಕು. ಅವರು ಕೆಲಸಕ್ಕೆ ರಜೆ ಹಾಕಿ ಬಂದು, ಮಷೀನಿಗೆ ಕೈ ಕೊಟ್ಟು ಮಲಗಬೇಕು. ಸ್ತ್ರೀಯರ ಕೂಟದ ಅಕ್ಕಂದಿರ ಮಕ್ಕಳು, ಯಜಮಾನರ ಆಫೀಸಿನವರು, ಕೆಳಗಿನ ಮನೆಯ ಮರಾಠಿ ದಾದಾ ಎಲ್ಲರೂ ಬಂದರು. ನಿಮ್ಮೆಲ್ಲರ ರಕ್ತ ನಮ್ಮ ಮಗನ ಮೈಯಲ್ಲಿ ಹರಿದಿದೆ.

ಈ ಯಾರೂ ನನಗೆ ಕಾರಣ ಹೇಳಲು ಬರಲಿಲ್ಲ. ಬೇರೆ ಕೆಲವರು ಬಂದರು. ನಮ್ಮ ಸಂಬಂಧಿಕರೊಬ್ಬರು ವಾರ್ಡಿನ ಹೊರಗೆ ನಿಲ್ಲಿಸಿ, ಮನೆಯಲ್ಲಿ ಏನಾದರೂ ಒಪ್ಪಿಕೊಳ್ಳದ ಪಾಪ ಇದೆಯಾ ನೋಡಿಕೋ ಅಂದರು. ಆ ರಾತ್ರಿ ನಾನು ಮದುವೆಗೆ ಮುಂಚಿನ ದಿನಗಳಿಂದ ಹಿಡಿದು ಎಲ್ಲವನ್ನೂ ಲೆಕ್ಕ ಹಾಕಿದೆ. ಮಾರನೇ ದಿನ ನಮ್ಮ ಪಾಸ್ಟರ್ ಬಂದರು. ಯೋಹಾನನ ಸುವಾರ್ತೆಯ 9ನೇ ಅಧ್ಯಾಯ ತೆಗೆದು ನನ್ನ ಕೈಗೆ ಕೊಟ್ಟರು. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳುವುದೂ ಅದನ್ನೇ: ಪಾಪ ಯಾರದ್ದು, ಇವನದ್ದಾ, ಅಪ್ಪ ಅಮ್ಮಂದಾ? ಯಾರದ್ದೂ ಅಲ್ಲ ಅಂತಾನೆ ಯೇಸು. ನಾನು ಓದಿ ಮುಗಿಸುವವರೆಗೆ ಪಾಸ್ಟರ್ ಒಂದು ಮಾತೂ ಆಡಲಿಲ್ಲ. ಪಾಸ್ಟರ್, ಅವತ್ತು ನನ್ನ ಎದೆಯ ಮೇಲಿನ ಕಲ್ಲು ಇಳಿಸಿದಿರಿ.

ಈಗ ಹೇಳಲು ಕಷ್ಟವಾದ ಮಾತು.

ನಮ್ಮ ಪಕ್ಕದ ಬೆಡ್ಡಿನಲ್ಲಿ ಬಿಹಾರದ ದರ್ಭಂಗಾದ ಒಂದು ಹುಡುಗ ಇದ್ದ. ನನ್ನ ಮಗನ ವಯಸ್ಸೇ. ಅವನ ತಾಯಿ ಮೊದಲ ಕೆಲವು ರಾತ್ರಿ ಆಸ್ಪತ್ರೆ ಎದುರಿನ ಫುಟ್‌ಪಾತಿನಲ್ಲೇ ಮಲಗಿದ್ದಳು. ಆಮೇಲೆ ದಾದರಿನ ಗಾಡ್ಗೆ ಮಹಾರಾಜ್ ಧರ್ಮಶಾಲೆಯಲ್ಲಿ ಜಾಗ ಸಿಕ್ಕಿತು. ಅದೇ ಕಾಯಿಲೆ, ಅದೇ ಡಾಕ್ಟರುಗಳು. ನಾನು ಕೀರ್ತನೆ ಓದುವಾಗ ಅವಳು ಹನುಮಾನ್ ಚಾಲೀಸಾ ಹೇಳುತ್ತಿದ್ದಳು. ನಿಜ ಹೇಳಬೇಕಂದರೆ, ನನಗಿಂತ ಅವಳೇ ಜಾಸ್ತಿ ಬೇಡಿಕೊಂಡಳು. ನಾಲ್ಕನೇ ತಿಂಗಳಿನಲ್ಲಿ ಇನ್ಫೆಕ್ಷನ್ ಆಗಿ ಆ ಹುಡುಗ ಹೋಗಿಬಿಟ್ಟ.

ಊರಿಗೆ ಹೊರಡುವ ದಿನ ಅವಳು ನನ್ನ ಹತ್ತಿರ ಬಂದಳು. ಸೀರೆಯ ಸೆರಗಿನಲ್ಲಿ ಒಂದು ಎಲೆಕ್ಟ್ರಿಕ್ ಕೆಟಲ್ ಸುತ್ತಿಕೊಂಡು ತಂದಿದ್ದಳು. ಮಕ್ಕಳಿಗೆ ಕಾಯಿಸಿದ ನೀರೇ ಕೊಡಬೇಕಲ್ವಾ, ಅದಕ್ಕೆ ಕೊಂಡದ್ದು. "ನನಗಿನ್ನು ಬೇಡ ದೀದಿ, ನಿನಗೆ ಬೇಕಾಗುತ್ತೆ" ಅಂದಳು. ಅದರ ಹಿಡಿಗೆ ಮಗನ ವಾರ್ಡಿನ ನಂಬರು ಬರೆದ ಟೇಪು ಅಂಟಿಸಿದ್ದಳು. ಟೇಪು ಈಗಲೂ ಹಾಗೇ ಇದೆ.

ನನ್ನ ಮಗ ಉಳಿದ, ಅವಳ ಮಗ ಉಳಿಯಲಿಲ್ಲ. ದೇವರಿಗೆ ನಮ್ಮ ಮೇಲೆ ಪ್ರೀತಿ ಜಾಸ್ತಿ ಅಂತ ನಾನು ಯಾವ ಬಾಯಲ್ಲಿ ಹೇಳಲಿ?

ಆ ವರ್ಷ ಕ್ರಿಸ್ಮಸ್ಸಿಗೆ ಚರ್ಚಿಗೆ ಹೋಗಲಾಗಲಿಲ್ಲ. ವಾರ್ಡಿನಲ್ಲೇ ಕೂತು ಮತ್ತಾಯನ ಎರಡನೇ ಅಧ್ಯಾಯ ಓದಿದೆ. ಯೋಸೇಫ ಕೂಸು ಯೇಸುವನ್ನು ಎತ್ತಿಕೊಂಡು ರಾತ್ರೋರಾತ್ರಿ ಈಜಿಪ್ಟಿಗೆ ಓಡುತ್ತಾನೆ. ಬೇತ್ಲೆಹೇಮಿನ ಬೇರೆ ಕೂಸುಗಳನ್ನು ರಾಜ ಹೆರೋದ ಕೊಲ್ಲಿಸುತ್ತಾನೆ. ನಮ್ಮ ಕ್ರಿಸ್ಮಸ್ ನಾಟಕಗಳಲ್ಲಿ ಈ ಭಾಗ ಬಿಟ್ಟುಬಿಡುತ್ತೇವೆ. ಮತ್ತಾಯ ಬಿಡಲಿಲ್ಲ. ಯೆರೆಮೀಯನ ಮಾತು ತಂದು, ರಾಹೇಲಳು ತನ್ನ ಮಕ್ಕಳಿಗಾಗಿ ಅಳುತ್ತಾಳೆ, ಸಮಾಧಾನ ಬೇಡ ಅನ್ನುತ್ತಾಳೆ ಅಂತ ಬರೆದ. ಅವಳಿಗೆ ಸುಮ್ಮನಿರು ಅಂತ ಅಲ್ಲಿ ಯಾರೂ ಹೇಳುವುದಿಲ್ಲ. ದರ್ಭಂಗಾದ ಆ ತಾಯಿಯನ್ನು ನಾನು ಬೈಬಲಿನಲ್ಲಿ ಕಂಡದ್ದು ಅವತ್ತು.

ಅವತ್ತು ತಪ್ಪಿಸಿಕೊಂಡ ಕೂಸು ಕಡೆಗೆ ತಪ್ಪಿಸಿಕೊಳ್ಳಲಿಲ್ಲ. ದೊಡ್ಡವನಾಗಿ ಶಿಲುಬೆಯ ಮೇಲೆ ತೂಗಿದ, ನನ್ನನ್ನು ಯಾಕೆ ಕೈಬಿಟ್ಟೆ ಅಂತ ತಾನೂ ಕೂಗಿದ. ಸತ್ತು ಎದ್ದ ಮೇಲೂ ಅವನ ಕೈಯಲ್ಲಿ ಮೊಳೆಯ ಗಾಯ ಇತ್ತು, ತೋಮ ನೋಡಿದ. ಆ ಗಾಯದ ಕೈಯನ್ನು ನಾನು ನಂಬುತ್ತೇನೆ. ಒಂದು ದಿನ ಅದೇ ಕೈ ಆ ಹುಡುಗನನ್ನೂ ಎಬ್ಬಿಸುತ್ತದೆ, ಅವನಮ್ಮನ ಮಡಿಲಿಗೆ ಕೊಡುತ್ತದೆ. ಇದು ನನ್ನ ನಿರೀಕ್ಷೆ. ಇಷ್ಟಿಲ್ಲದೆ ಇದ್ದರೆ ನನ್ನ ಮಗ ಗುಣವಾದದ್ದನ್ನು ನೋಡಿ ಪೂರ್ತಿ ಸಂತೋಷ ಪಡಲು ನನಗೆ ಆಗುತ್ತಿರಲಿಲ್ಲ.

ಮೊನ್ನೆ ಅವಳಿಗೆ ಫೋನ್ ಮಾಡಿ ಹೇಳಿದೆ. ಸುದ್ದಿ ಕೇಳಿ ಅತ್ತಳು, ಆಮೇಲೆ ಬಾಬುಗೆ, ಅಂದರೆ ನನ್ನ ಮಗನಿಗೆ, ಫೋನ್ ಕೊಡು ಅಂದಳು. ಅವರಿಬ್ಬರೂ ತುಂಬಾ ಹೊತ್ತು ಮಾತಾಡಿದರು.

ಭಾನುವಾರದ ಪ್ರಾರ್ಥನೆಯಲ್ಲಿ ಎರಡು ಹೆಸರು ಹೇಳಬೇಕು ಅಂತ ಪಾಸ್ಟರ್ ಹತ್ತಿರ ಕೇಳಿಕೊಂಡಿದ್ದೇನೆ, ಒಪ್ಪಿದ್ದಾರೆ. ಆರಾಧನೆ ಆದ ಮೇಲೆ ಊಟ ಇದೆ. ಹೋಟೆಲಿನ ಅಣ್ಣನೇ ಅಡುಗೆ ಮಾಡಿ ತರುತ್ತಾರೆ, ಈ ಸಲ ದುಡ್ಡು ತಗೊಳ್ಳಲು ಹೇಗೋ ಒಪ್ಪಿಸಿದ್ದೇವೆ. ಪ್ಲೇಟ್ಲೆಟ್ ಕೊಟ್ಟವರು, ಟ್ರೈನಿನವರು, ಕೆಳಗಿನ ಮನೆಯವರು ಎಲ್ಲರೂ ಬನ್ನಿ.