ಸುಣ್ಣ ಹಾಕುವ ಮುಂಚೆ ಒಂದು ಕಥೆ

ಪ್ರೀತಿಯ ಶ್ರೀಧರ,

ತೋಟದ ಮಣ್ಣು ಹುಳಿಯಾಗಿದೆ, ಎಷ್ಟು ಗೊಬ್ಬರ ಸುರಿದರೂ ಅಡಿಕೆ ಚೇತರಿಸಿಕೊಳ್ಳುತ್ತಿಲ್ಲ, ಈಗ ಸುಣ್ಣ ಬೇರೆ ಹಾಕಿಸಬೇಕಂತೆ ಅಂತ ಮೊನ್ನೆ ಫೋನಿನಲ್ಲಿ ಗೊಣಗಿದೆಯಲ್ಲ, ಆಗಿನಿಂದ ಎಡ್ಮಂಡ್ ರಫಿನ್ ನನ್ನ ತಲೆಯಲ್ಲೇ ಕೂತಿದ್ದಾನೆ.

1794ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಹುಟ್ಟಿದವನು. ಹದಿಹರೆಯದಲ್ಲೇ ಅಪ್ಪ ತೀರಿಕೊಂಡು, ಜೇಮ್ಸ್ ನದಿ ದಂಡೆಯ ಜಮೀನು ಇವನ ಪಾಲಿಗೆ ಬಂತು. ಜಮೀನೇನೋ ಬಂತು, ಅದರಲ್ಲಿ ಸಾರವೇ ಇರಲಿಲ್ಲ. ತಲೆಮಾರುಗಟ್ಟಲೆ ಹೊಗೆಸೊಪ್ಪು, ಮೆಕ್ಕೆಜೋಳ ಬೆಳೆದು ಮಣ್ಣು ಬಳಲಿತ್ತು. ಕೊಟ್ಟಿಗೆ ಗೊಬ್ಬರ ಹಾಕಿದ, ಹಿಡಿಯಲಿಲ್ಲ. ಮಾರಿ ಪಶ್ಚಿಮಕ್ಕೆ ಹೋಗೋಣ ಅಂದರೆ ಕೊಳ್ಳುವವರೂ ಸಿಗಲಿಲ್ಲ.

ಆಗ ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಹುಳಿ ಮಣ್ಣಿನ ಬಗ್ಗೆ ಬರೆದದ್ದು ಕಣ್ಣಿಗೆ ಬಿತ್ತು. ತನ್ನ ಹೊಲ ನೋಡಿದ: ಪೈನ್ ಮರ, ಹುಳಿ ಎಲೆಯ ಕಳೆ. ಮಣ್ಣಿನ ಮೇಲೆ ಆಮ್ಲ ಹಾಕಿದ. ಒಂದು ಗುಳ್ಳೆಯೂ ಏಳಲಿಲ್ಲ. ಅಂದರೆ ಸುಣ್ಣದ ಅಂಶವೇ ಇಲ್ಲ. ತಮಾಷೆ ನೋಡು, ಅದೇ ಜಮೀನಿನ ಅಡಿಯಲ್ಲಿ ಹಳೇ ಕಾಲದ ಸಮುದ್ರದ ಚಿಪ್ಪುಗಳು ಪದರ ಪದರವಾಗಿ ಬಿದ್ದಿದ್ದವು! 1818ರಲ್ಲಿ ಆ ಚಿಪ್ಪಿನ ಮಣ್ಣನ್ನು ಅಗೆಸಿ ಹೊಲಕ್ಕೆ ಹರಡಿಸಿದ. ಜೋಳದ ಇಳುವರಿ ಸುಮಾರು ಶೇಕಡಾ 40 ಏರಿತು. ಹುಳಿ ಹೋದ ಮೇಲೆಯೇ ಗೊಬ್ಬರಕ್ಕೆ ಬೆಲೆ ಅನ್ನೋದನ್ನ ಅವನು 1832ರಲ್ಲಿ ಪುಸ್ತಕವಾಗಿಯೇ ಬರೆದ. ಆಮೇಲೆ ರೈತರಿಗಾಗಿ ಹತ್ತು ವರ್ಷ ಪತ್ರಿಕೆ ನಡೆಸಿದ.

‘ಅಗೆಸಿದ’ ಅಂದೆನಲ್ಲ, ಅಲ್ಲೇ ನನಗೆ ಮುಳ್ಳು ಚುಚ್ಚುತ್ತದೆ. ಅಗೆದವರು ಅವನ ಗುಲಾಮರು. ಎಕರೆಗೆ ಗಾಡಿಗಟ್ಟಲೆ ಬೇಕು ಆ ಮಣ್ಣು. ಮೇಲಿನ ಮಣ್ಣು ತೆಗೆದು, ಗುಂಡಿಗಿಳಿದು, ಒದ್ದೆ ಚಿಪ್ಪನ್ನು ಕಿತ್ತು ಗಾಡಿಗೆ ತುಂಬುವುದು. ಹೊಗಳಿಕೆಯೆಲ್ಲ ರಫಿನ್‌ಗೆ.

1823ರಲ್ಲಿ ವರ್ಜೀನಿಯಾದ ಸೆನೆಟ್‌ಗೆ ಆಯ್ಕೆಯಾದ. ಜನರನ್ನು ಓಲೈಸುವುದು ಒಗ್ಗಲಿಲ್ಲ, ಅವಧಿ ಮುಗಿಯುವ ಮೊದಲೇ ಬಿಟ್ಟುಬಂದ. ಅಲ್ಲಿಗೆ ಸುಮ್ನೆ ಹೊಲ ನೋಡಿಕೊಂಡು ಇದ್ದಿದ್ದರೆ! ವಯಸ್ಸಾಗುತ್ತಾ ಗುಲಾಮಗಿರಿ ಉಳಿಯಲೇಬೇಕು, ದಕ್ಷಿಣದ ರಾಜ್ಯಗಳು ಅಮೆರಿಕದಿಂದ ಬೇರೆಯಾಗಲೇಬೇಕು ಅನ್ನುವ ಹುಚ್ಚು ಜಾಸ್ತಿಯಾಯಿತು. 1859ರಲ್ಲಿ, ಗುಲಾಮರನ್ನು ಬಿಡಿಸಲು ದಂಗೆ ಎದ್ದ ಜಾನ್ ಬ್ರೌನ್‌ನನ್ನು ಗಲ್ಲಿಗೇರಿಸಿದಾಗ, 65ರ ಈ ಮುದುಕ ಮಿಲಿಟರಿ ವಿದ್ಯಾರ್ಥಿಗಳ ಸಾಲಿನಲ್ಲಿ ನಿಂತು ನೋಡಿದ. 1861ರ ಏಪ್ರಿಲ್‌ನಲ್ಲಿ ದಕ್ಷಿಣಕ್ಕೂ ಉತ್ತರಕ್ಕೂ ಅಂತರ್ಯುದ್ಧ ಶುರುವಾದದ್ದೇ ಸಮ್ಟರ್ ಕೋಟೆಯಲ್ಲಿ; ಅದರ ಮೇಲೆ ಹಾರಿದ ಮೊದಮೊದಲ ಗುಂಡುಗಳಲ್ಲಿ ಇವನದೂ ಒಂದು. ಮರುವರ್ಷ ಉತ್ತರದ ಸೈನ್ಯ ಹತ್ತಿರ ಬಂತು. ಅವನ ಗುಲಾಮರಲ್ಲಿ ಅನೇಕರು ಹೊಲ ಬಿಟ್ಟು ನಡೆದರು. ದಕ್ಷಿಣ ಸೋತ ಮೇಲೆ, 1865ರ ಜೂನ್‌ನಲ್ಲಿ ರಫಿನ್ ತನ್ನ ಜೀವ ತಾನೇ ತೆಗೆದುಕೊಂಡ. ಡೈರಿಯ ಕೊನೆಯ ಸಾಲುಗಳಲ್ಲೂ ಉತ್ತರದವರ ಮೇಲಿನ ದ್ವೇಷವೇ.

ಅವನ ಬುದ್ಧಿಯನ್ನು ಮೆಚ್ಚೋಣ ಅಂತಲೇ ಓದಲು ಕೂತಿದ್ದೆ. ಆ ಗುಂಡಿಗಳಿಗೆ ಇಳಿದವರ ಹೆಸರು ಹುಡುಕುವ ಮನಸ್ಸಾಯಿತು, ನೋಡು.

ಸರಿ, ನಿನ್ನ ಸುಣ್ಣ ಯಾವತ್ತು ಬರುತ್ತೆ ತಿಳಿಸು. ಆಳು ಸಿಗೋದು ಕಷ್ಟ ಅಂದೆಯಲ್ಲ, ಬುಟ್ಟಿ ಹೊರೋಕೆ ನಾನೂ ಬರ್ತೀನಿ. ಸೊಂಟದ ಬಗ್ಗೆ ಮಾತ್ರ ಗ್ಯಾರಂಟಿ ಕೊಡಲ್ಲ.

ನಿನ್ನ,
ಮಂಜು