ಮಗುವಿಗೆ ಅತ್ತೂರು ಏನಾಗಬೇಕು?

ಪ್ರೀತಿಯ ಮಗಳೇ,

ನಿನ್ನ ಪತ್ರದ ಉಳಿದ ಸುದ್ದಿಯೆಲ್ಲ ಸಂತೋಷದ್ದೇ. ಆದರೆ ಕೊನೆಗೆ ಬರೆದಿದ್ದೀಯಲ್ಲ, 'ಕೆನಡಾದಲ್ಲಿ ಹುಟ್ಟಿದ ನನ್ನ ಮಗುವಿಗೆ ಕಾರ್ಕಳದ ಹತ್ತಿರದ ನಮ್ಮ ಅತ್ತೂರು ಏನಾಗಬೇಕು ಬಾಪ್ಪು?' ಅಂತ, ಆ ಸಾಲು ಎರಡು ರಾತ್ರಿ ನನಗೆ ನಿದ್ದೆ ಕೊಡಲಿಲ್ಲ.

ಚರ್ಚಿಗೆ ಜಾಗ ಹುಡುಕುವಾಗ ಪುಷ್ಕರಿಣಿಯ ಹತ್ತಿರ ಸಂತ ಲಾರೆನ್ಸರ ಮರದ ಮೂರ್ತಿ ಕದಲದೆ ಕೂತ ಕಥೆ ನಿನಗೆ ಬಾಯಿಪಾಠ. ಅದು ಬೇಡ. ನನಗೆ ನೆನಪಾದದ್ದು ಅದಕ್ಕೂ ಹಿಂದಿನದು. 1759ರಲ್ಲಿ ಶುರುವಾದ ನಮ್ಮ ಮೊದಲ ಇಗರ್ಜಿಗೆ, ಅಂದರೆ ಚರ್ಚಿಗೆ, 25 ವರ್ಷವಷ್ಟೇ ಆಯುಸ್ಸು. 1784ರಲ್ಲಿ ಟಿಪ್ಪುವಿನ ಕಡೆಯವರು ನಮ್ಮ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದರು. ಇಗರ್ಜಿ ನೆಲಸಮವಾಯಿತು. ಸೆರೆ ಮುಗಿದದ್ದು 1799ರಲ್ಲಿ. 15 ವರ್ಷ! ಅಲ್ಲೇ ಹುಟ್ಟಿದ ಮಕ್ಕಳೂ ಇದ್ದಿರಬೇಕು. ಕಾರ್ಕಳವನ್ನು ಕಣ್ಣಲ್ಲಿ ಕಾಣದ ಮಕ್ಕಳು. ನಿನ್ನ ಪ್ರಶ್ನೆ ಆ ತಾಯಂದಿರನ್ನೂ ಕಾಡಿರುತ್ತದೆ, ಅಲ್ವಾ? ಉಳಿದವರು ಇಗರ್ಜಿಯೇ ಇಲ್ಲದ ಊರಿಗೆ ನಡೆದು ಬಂದರು. ಮತ್ತೆ ಕಟ್ಟಿದರು. ಜಾಗವೂ ಬದಲಾಯಿತು. ಹಾಗೆ ಜಾಗ ಬದಲಿಸಿದ ಇಗರ್ಜಿಯೇ 2016ರಲ್ಲಿ ಬಸಿಲಿಕಾ, ಅಂದರೆ ಪೋಪರಿಂದ ವಿಶೇಷ ಗೌರವ ಪಡೆದ ಇಗರ್ಜಿ, ಆದದ್ದು.

ನಿನಗೆ ಧೈರ್ಯ ಹೇಳಲು ಹೊರಟವನು ನಾನು, ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಬೊಂಬಾಯಿಯಲ್ಲಿದ್ದಾಗ ಆರು ವರ್ಷ ನಾನು ಸಾಂತ್‌ಮಾರಿಗೆ, ಜನವರಿಯ ನಮ್ಮ ಜಾತ್ರೆಗೆ, ಬರಲಿಲ್ಲ. 'ರಜೆ ಸಿಗಲಿಲ್ಲ' ಅಂತ ಅಪ್ಪನಿಗೆ ಬರೆಯುತ್ತಿದ್ದೆ. ರಜೆ ಕೇಳಿಯೇ ಇರಲಿಲ್ಲ ಮಗಳೇ. ಅಪ್ಪ ಪ್ರತಿ ವರ್ಷ ನನ್ನ ಹೆಸರಲ್ಲೂ ಒಂದು ಮೇಣದಬತ್ತಿ ಹಚ್ಚುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಅಮ್ಮ ಹೇಳಿದರು. ಊರು ನನ್ನ ಕೈ ಬಿಡಲಿಲ್ಲ. ಬಿಟ್ಟದ್ದು ನಾನು.

ಅದಕ್ಕೇ ನಿನ್ನ ಹೆದರಿಕೆ ಸುಮ್ನೆ ಅಂತ ನಾನು ಹೇಳಲಾರೆ. ಮಗುವಿಗೆ ಅತ್ತೂರು ಏನೂ ಆಗದೆ ಹೋಗಬಹುದು. ಆದರೆ ಇನ್ನೂ ಹಾಗಾಗಿಲ್ಲವಲ್ಲ.

ಏನು ಮಾಡಬೇಕು ಅಂತ ಹೇಳಲು ನನಗೆ ಜಾಸ್ತಿ ಗೊತ್ತಿಲ್ಲ. ಮಲಗಿಸುವಾಗ ಕೊಂಕಣಿಯಲ್ಲೇ ಪ್ರಾರ್ಥನೆ ಹೇಳು. ಸಾಧ್ಯವಾದರೆ ಒಂದು ವರ್ಷ ಜನವರಿಯಲ್ಲಿ ಕರೆದುಕೊಂಡು ಬಾ. ಟಿಕೆಟ್ ದುಬಾರಿ, ನನಗೂ ಗೊತ್ತು, ಒತ್ತಾಯವಿಲ್ಲ. ಜಾತ್ರೆಗೆ ಎಲ್ಲ ಜಾತಿ, ಎಲ್ಲ ಧರ್ಮದವರೂ ಬರುತ್ತಾರೆ. ಇದು ನಿನಗೆ ಏನಾಗಬೇಕು ಅಂತ ಅಲ್ಲಿ ಯಾರೂ ಮಗುವನ್ನು ಕೇಳುವುದಿಲ್ಲ.

ಮಗುವಿನ ಪೂರ್ತಿ ಹೆಸರು ಬರೆದು ಕಳಿಸು. ಈ ಸಲ ಅದರ ಹೆಸರಲ್ಲಿ ಬಲಿಪೂಜೆಗೆ ಕೊಡುತ್ತೇನೆ. ಮೇಣದಬತ್ತಿ ಎರಡು ಹಚ್ಚುತ್ತೇನೆ.

ನಿನ್ನ ಬಾಪ್ಪು