ಗೆಳೆಯನಿಗೊಂದು ಪತ್ರ: ಮಾರ್ಚ್ ತಿಂಗಳ ಆ ಚೆಸ್ ಆಟ

ಪ್ರೀತಿಯ ಕುದುರೆಗೆ,

ಕೊಡಗಿನ ನಮ್ಮ ನಾಪೋಕ್ಲಿನಲ್ಲಿ ನಾಲ್ಕು ದಿನದಿಂದ ಬಿಸಿಲು ಕಾಣುತ್ತಿದೆ. ಕೈಲ್‌ಪೊಳ್ದ್ ಹಬ್ಬ ಮುಗಿಯಿತು. ಅವ್ವ ನಿನ್ನನ್ನು ಕೇಳಿದರು. "ನಂಬರ್ ಹುಡುಗ ಈ ಸಲವೂ ಬರಲಿಲ್ವಾ?" ಅಂದರು. ನಿನ್ನ ಪಾಲಿನ ಕಡಂಬುಟ್ಟು ತೆಗೆದಿಟ್ಟಿದ್ದರು, ಸಂಜೆ ನಾನೇ ತಿಂದೆ.

ಈ ಕಾಗದವನ್ನು ನಿನಗೊಬ್ಬನಿಗೇ ಕಳಿಸಬಹುದಿತ್ತು. ಆದರೆ ಮಾರ್ಚ್ ತಿಂಗಳಲ್ಲಿ "ಮೂವತ್ತು ವರ್ಷದ ಮೇಲೆ ಕುದುರೆಯನ್ನು ಕಟ್ಟಿಹಾಕಿದೆ" ಎಂದು, ಅಂದರೆ ಚೆಸ್‌ನಲ್ಲಿ ನಿನ್ನನ್ನು ಸೋಲಿಸಿದೆ ಎಂದು, ಇಲ್ಲೇ, ಎಲ್ಲರ ಎದುರು, ಬರೆದುಕೊಂಡವನು ನಾನು. ಅಭಿನಂದಿಸಿದವರಿಗೆಲ್ಲ ಒಬ್ಬೊಬ್ಬರಿಗೂ ಉತ್ತರ ಕೊಟ್ಟೆ. ಬೋರ್ಡಿನ ಚಿತ್ರ ಮಾತ್ರ ಹಾಕಿರಲಿಲ್ಲ. ಯಾಕೆ ಹಾಕಲಿಲ್ಲ ಎಂದು ಯಾರೂ ಕೇಳಲಿಲ್ಲ, ನೀನೂ ಕೇಳಲಿಲ್ಲ. ಹಾಗಾಗಿ ಈ ಮಾತೂ ಇಲ್ಲೇ ಆಗಬೇಕು.

ಓದುವ ಬೇರೆಯವರಿಗೆ ಸ್ವಲ್ಪ ಹಿಂದಿನ ಕಥೆ ಹೇಳುತ್ತೇನೆ, ನೀನು ತಾಳಿಕೋ. ನೀನು ಓದಲು ಮಂಗಳೂರಿಗೆ ಹೋದ 1992ರಲ್ಲಿ ನಮ್ಮ ಅಂಚೆ ಚೆಸ್ ಶುರುವಾಯಿತು. 15 ಪೈಸೆಯ ಕಾರ್ಡು, ಕಾರ್ಡಿಗೊಂದು ನಡೆ. ಬೇರೆ ಬೇರೆ ಭಾಷೆಯವರು ಗೊಂದಲವಿಲ್ಲದೆ ಆಡಲೆಂದು ಇರುವ ಅಂಕಿಯ ಬರಹವನ್ನು ನೀನು ಎಲ್ಲಿಂದಲೋ ಕಲಿತು ಬಂದಿದ್ದೆ. ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಮುಂದಿಟ್ಟರೆ 5254. ಐದನೇ ಸಾಲಿನ ಎರಡನೇ ಮನೆಯಿಂದ ಅದೇ ಸಾಲಿನ ನಾಲ್ಕನೇ ಮನೆಗೆ ಎಂದರ್ಥ. ವಾರ ವಾರವೂ ಕಾರ್ಡಿನಲ್ಲಿ ಬರೀ ನಾಲ್ಕಂಕಿ ನೋಡಿದ ಪೋಸ್ಟ್‌ಮ್ಯಾನ್ ಅಣ್ಣನಿಗೆ ಇದು ಜೂಜಿನ ಓಸಿ ನಂಬರೇ ಎಂದು ಖಾತ್ರಿಯಾಯಿತು. ಮುಂದಿನದ್ದು ನಿನಗೆ ಗೊತ್ತು. ಅಪ್ಪನಿಗೂ ಗೊತ್ತಾಯಿತು.

ಆ ಕಾಲದ ಲೆಕ್ಕ ಎಷ್ಟು ಚೆನ್ನಾಗಿತ್ತು! ಹತ್ತು ನಡೆಗೆ 30 ದಿನ. ಕಾರ್ಡು ಕೈಗೆ ಸಿಕ್ಕ ದಿನದಿಂದ ಉತ್ತರದ ಕಾರ್ಡಿಗೆ ಅಂಚೆ ಮುದ್ರೆ ಬೀಳುವ ದಿನದವರೆಗೆ ಮಾತ್ರ ಎಣಿಕೆ. ದಾರಿಯಲ್ಲಿ ಕಳೆದ ದಿನ ಯಾರ ಖಾತೆಗೂ ಸೇರುತ್ತಿರಲಿಲ್ಲ. ಸಂಪಾಜೆ ಘಾಟಿಯಲ್ಲಿ ಮರ ಬಿದ್ದು ಬಸ್ಸು ನಿಂತು ಒಂದು ಕಾರ್ಡು ಹನ್ನೊಂದು ದಿನ ತಡವಾದಾಗ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ. ಲಂಡನ್ ಮತ್ತು ಎಡಿನ್‌ಬರೋ ಕ್ಲಬ್ಬುಗಳು 1824ರಲ್ಲಿ ಶುರುಮಾಡಿದ ಕಾಗದದ ಪಂದ್ಯ 1828ರವರೆಗೆ ನಡೆದಿತ್ತು, ಸ್ಕಾಚ್ ಗೇಮ್ ಎಂಬ ಹೆಸರು ಬಂದದ್ದೂ ಆ ಪಂದ್ಯದಿಂದಲೇ ಎಂದು ನೀನು ಕಾರ್ಡಿನ ಅಂಚಿನಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿದ್ದೆ. ಆ ಕಾರ್ಡು ನನ್ನ ಹತ್ತಿರ ಇದೆ.

ಈಗ ಫೋನಿನಲ್ಲಿ ಆನ್‌ಲೈನ್ ಆಡುವಾಗ ಹಾಗಲ್ಲ. ಒಂದು ನಡೆಗೆ ಮೂರು ದಿನ ಎಂದರೆ ಮೂರೇ ದಿನ. ಮರ ಬಿದ್ದು ಲೈನ್ ಹರಿದರೂ, ಟವರಿನ ಜನರೇಟರಿಗೆ ಡೀಸೆಲ್ ಮುಗಿದರೂ, ಗಡಿಯಾರ ಓಡುತ್ತಲೇ ಇರುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಕಾಲೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದಾಗ ನಾನು ಮಡಿಕೇರಿಯ ಪರಿಹಾರ ಕೇಂದ್ರವೊಂದರಲ್ಲಿ ಅಕ್ಕಿ ಮೂಟೆ ಇಳಿಸುತ್ತಿದ್ದೆ. ಮನೆಗೆ ಬಂದು ನೋಡಿದರೆ ಆಡುತ್ತಿದ್ದ ಆಟಗಳೆಲ್ಲ ಹೊತ್ತು ಮೀರಿ ಸೋತಿದ್ದವು. ಬೇಸರವಾದದ್ದು ಅದಕ್ಕಲ್ಲ. ಯಾವುದೋ ದೂರದೇಶದ ಎದುರಾಳಿ "ಸೋಲು ಕಂಡ ಕೂಡಲೇ ಮಾಯವಾಗುವವನು ನೀನು" ಎಂದು ಬರೆದಿದ್ದ. ಆ ಆಟದಲ್ಲಿ ನನ್ನದು ಒಂದು ಒಂಟೆ ಹೆಚ್ಚಿತ್ತು! ನಮ್ಮ ಊರಿನ ಸುದ್ದಿಯನ್ನೆಲ್ಲ ಬರೆದು ಕಳಿಸಲು ಹೋದರೆ ಅವನು ನನ್ನ ಮಾತು ತಲುಪದಂತೆ ಮಾಡಿಕೊಂಡಿದ್ದ. ಮೂರು ದಿನ ಕಾಯುವವನು ನಾಲ್ಕನೇ ದಿನ ಒಂದು ಮಾತು ಕೇಳಬಾರದಿತ್ತಾ ಎಂದು ವರ್ಷಗಟ್ಟಲೆ ಬೈದೆ. ಕೇಳಿ ಕೇಳಿ ನಿನಗೆ ಸಾಕಾಗಿರಬೇಕು.

ಈಗ ವಿಷಯಕ್ಕೆ ಬರುತ್ತೇನೆ.

ಹೋದ ವಾರ ಪೊನ್ನಂಪೇಟೆಯಿಂದ ಅಕ್ಕನ ಮಗ ಬಂದಿದ್ದ. ನನ್ನ ಜೊತೆ ಒಂದು ಆಟ ಶುರುಮಾಡಿ, ಎದುರಾಳಿಯ ಗಡಿಯಾರದ ಪಕ್ಕ ಇರುವ ಸಣ್ಣ ಕೂಡಿಸುವ ಗುರುತನ್ನು ತೋರಿಸಿದ. "ಇದನ್ನು ಒತ್ತಿದರೆ ಎದುರಿನವರಿಗೆ ಮತ್ತೆ ಹೊತ್ತು ಸಿಗುತ್ತೆ ಮಾವ" ಎಂದ. ಇಷ್ಟು ವರ್ಷ ಆಡಿದ್ದೇನೆ, ನನಗೆ ಅದು ಗೊತ್ತಿರಲಿಲ್ಲ. ಸರಿ ಎಂದು ಸುಮ್ಮನಾದೆ. ರಾತ್ರಿ ಮಲಗಿದ ಮೇಲೆ ಹೋದ ವರ್ಷದ ಕಕ್ಕಡ, ನಮ್ಮ ಕಡೆಯ ಜಡಿಮಳೆಯ ತಿಂಗಳು, ನೆನಪಾಯಿತು.

ಮದ್ದುಸೊಪ್ಪಿನ ಪಾಯಸ ತಿನ್ನುವ ಕಕ್ಕಡ ಹದಿನೆಂಟು ಕಳೆದ ಮಾರನೆಯ ದಿನ (ಆ ಸೊಪ್ಪಿನ ಬಣ್ಣದ ಬಗ್ಗೆ ನೀನು ಹೇಳಿದ್ದನ್ನು ಇಲ್ಲಿ ಬರೆಯಲಾರೆ) ನಮ್ಮ ಕಡೆ ಕರೆಂಟು ಹೋಯಿತು. ಬಂದದ್ದು ಒಂಬತ್ತು ದಿನಕ್ಕೆ. ಬೇರೆಲ್ಲ ಆಟ ಸೋತಿದ್ದೆ, ನಿನ್ನ ಜೊತೆಗಿನದು ಮಾತ್ರ ಉಳಿದಿತ್ತು. ಏನೋ ನೆಟ್‌ವರ್ಕಿನ ಗೊಂದಲ ಎಂದುಕೊಂಡು ಮುಂದಿನ ನಡೆ ಆಡಿದ್ದೆ. ಮೂರು ದಿನದ ಗಡುವಿನಲ್ಲಿ ಒಂಬತ್ತು ದಿನ ಹೇಗೆ ಹಿಡಿಸಿತು ಎಂದು ಒಂದು ಸಲವೂ ಯೋಚಿಸಲಿಲ್ಲ. ಎಣಿಸಿದರೆ ಎರಡು ಸಲವಾದರೂ, ಬಹುಶಃ ಮೂರು ಸಲ, ನೀನು ಆ ಗುರುತನ್ನು ಒತ್ತಿರಬೇಕು. ಹೊತ್ತು ಮುಗಿಯುವುದರೊಳಗೆ ಒತ್ತಬೇಕು, ಆಮೇಲೆ ಒತ್ತಿ ಪ್ರಯೋಜನವಿಲ್ಲ. ಅಂದರೆ ಬೆಂಗಳೂರಿನಲ್ಲಿ ಕುಳಿತು ನೀನು ನನ್ನ ಗಡಿಯಾರ ಕಾಯುತ್ತಿದ್ದೆ. ಅದಕ್ಕೂ ಹಿಂದಿನ ಮಳೆಗಾಲಗಳಲ್ಲೂ ಹೀಗೇ ನಡೆದಿರಬೇಕಲ್ಲವಾ? ಹೇಳಲೂ ಇಲ್ಲ ನೀನು.

ಈ ಮಾರ್ಚ್‌ನಲ್ಲಿ ನಿನ್ನ ಗಡಿಯಾರವನ್ನು ನಾನೂ ಕಾದೆ.

ನಿನ್ನ ಆನೆ ನನ್ನ ಮನೆಯೊಳಗೆ ನುಗ್ಗಿ ಕೂತಿತ್ತು. ಅಂಚಿನ ಕಾಲಾಳು ಇನ್ನೆರಡು ಹೆಜ್ಜೆಗೆ ಮಂತ್ರಿಯಾಗುತ್ತಿತ್ತು. ನನಗೆ ಪಾರಾಗುವ ನಡೆ ಒಂದೂ ಉಳಿದಿರಲಿಲ್ಲ. ಅಷ್ಟು ಹೊತ್ತಿಗೆ ನೀನು ಸುಮ್ಮನಾದೆ. ಒಂದು ದಿನ, ಎರಡು ದಿನ. ಕಾಫಿ ಹೂ ಅರಳಲು ಬೇಕಾದ ಹೂಮಳೆ ಬಾರದೆ, ಹೊಳೆಯಲ್ಲಿ ಸ್ಪ್ರಿಂಕ್ಲರಿಗೆ ಸಾಲುವಷ್ಟು ನೀರಿಲ್ಲದೆ ನಾನು ಆಕಾಶ ನೋಡುತ್ತಿದ್ದ ದಿನಗಳವು. ಆಕಾಶಕ್ಕಿಂತ ಹೆಚ್ಚು ಸಲ ಫೋನ್ ನೋಡಿದೆ. ಮೂರನೇ ರಾತ್ರಿ ಹನ್ನೊಂದಕ್ಕೆ ನಿನಗೆ ಆರು ತಾಸು ಉಳಿದಿತ್ತು.

ಆ ಗುರುತು ನನಗೆ ಗೊತ್ತಿರಲಿಲ್ಲ ಎಂಬುದು ನಿಜ. ಅಷ್ಟು ಹೇಳಿ ಕಾಗದ ಮುಗಿಸಬೇಕೆಂದೇ ಕೂತಿದ್ದೆ. ಆದರೆ ಇನ್ನೊಂದಿದೆ. ನೀನು ಹೇಳಿದ್ದ ಎರಡು ಕಿಲೋ ಕರಿಮೆಣಸು ಅದೇ ದಿನ ಒಣಗಿ ತಯಾರಾಗಿತ್ತು. "ಮೆಣಸು ರೆಡಿ, ಬಸ್ಸಿಗೆ ಹಾಕಲಾ?" ಎಂದು ನಿನಗೆ ಬರೆದೆ. ಬರೆದದ್ದನ್ನು ಅಳಿಸಿದೆ. ಫೋನ್ ಕೈಗೆತ್ತಿಕೊಂಡರೆ ನಿನಗೆ ಆಟ ನೆನಪಾಗಿಬಿಡುತ್ತದೆ ಎಂದು ಅಳಿಸಿದೆ. ಬೆಳಿಗ್ಗೆ ಎದ್ದಾಗ ನಾನು ಗೆದ್ದಿದ್ದೆ. ರೇಟಿಂಗು ಒಂಬತ್ತು ಅಂಕ ಏರಿತ್ತು. ಖುಷಿಯಾಯಿತು ಮಾರಾಯ, ಸುಳ್ಳು ಹೇಳಲಾರೆ.

ನೀನು ಬರೆದದ್ದು ಇಷ್ಟೇ. "ಗೆದ್ದೆಯಲ್ಲ, ಒಳ್ಳೆಯದಾಯಿತು. ಮಳೆ ಬಂತಾ?" ಅದನ್ನು ನಾನು ಚುಚ್ಚುಮಾತು ಎಂದುಕೊಂಡೆ. ಸೋತದ್ದಕ್ಕೆ ಮುನಿಸು ಎಂದುಕೊಂಡು ಉತ್ತರ ಕೊಡಲಿಲ್ಲ, ಹೊಸ ಆಟಕ್ಕೂ ಕರೆಯಲಿಲ್ಲ. ಈಗ ಓದಿದರೆ ನೀನು ಬರೀ ಮಳೆಯನ್ನು ಕೇಳಿದ ಹಾಗೆ ಕಾಣುತ್ತದೆ. ಆ ದೂರದೇಶದವನಿಗೆ ನಮ್ಮ ಊರು ಗೊತ್ತಿರಲಿಲ್ಲ, ನನ್ನ ಮುಖವೂ ಗೊತ್ತಿರಲಿಲ್ಲ. ನನಗೆ ನಿನ್ನ ಮನೆಯ ನಾಯಿಯ ಹೆಸರೂ ಗೊತ್ತು. ಆ ಮೂರು ದಿನ ನಿನಗೆ ಏನಾಗಿತ್ತು? ಆರು ತಿಂಗಳಾಯಿತು, ಇವತ್ತಿಗೂ ಕೇಳಿಲ್ಲ. ಈಗ ಕೇಳುತ್ತಿದ್ದೇನೆ. ಇದಕ್ಕೆ ಮಾತ್ರ ಇಲ್ಲಿ ಉತ್ತರ ಕೊಡಬೇಡ, ಫೋನ್ ಮಾಡು.

ಸಾಕು, ಇಷ್ಟೆಲ್ಲ ಬರೆಯುವುದಿರಲಿಲ್ಲ. ಅಂಗಳದಲ್ಲಿ ಕಾಫಿಗಿಡದ ಬುಡ ಬಿಡಿಸುವವರು ಬಂದಿದ್ದಾರೆ, ಕಾಫಿ ಕೊಡಬೇಕು. ಈ ಸಲ ಕೊಳೆರೋಗಕ್ಕೆ ಕಾಯಿ ಉದುರಿದ್ದು ಹೆದರಿದಷ್ಟಿಲ್ಲ. ಮೊನ್ನೆ ರಾತ್ರಿ ಆನೆ ಬಂದು ಬಾಳೆ ಮುರಿದು ಹೋಯಿತು, ನೇರವಾಗಿಯೇ ನಡೆಯಿತು, ನೀನು ಹೇಳುವ ಹಾಗೆ! ಪುತ್ತರಿ ಹಬ್ಬಕ್ಕೆ ನೀನು ಬರಲೇಬೇಕು, ಅವ್ವ ನಿನ್ನನ್ನು ಬೈಯಲು ಕಾಯುತ್ತಿದ್ದಾರೆ. ಮೆಣಸು ಇನ್ನೂ ಡಬ್ಬಿಯಲ್ಲಿದೆ, ಬೇರೆಯವರಿಗೆ ಕೊಡಲಿಲ್ಲ. ನಾಳೆಯ ಬಸ್ಸಿಗೆ ಹಾಕುತ್ತೇನೆ.

ಅಂಚೆ ಕಚೇರಿಗೆ ಹೋಗಿ ಕಾರ್ಡು ತಂದೆ. ಮೊದಲ ಕಾರ್ಡು ಇವತ್ತು ಡಬ್ಬಿಗೆ ಬಿತ್ತು. 5254. ನಿನ್ನ ಕೈಗೆ ಸಿಕ್ಕ ತಾರೀಕನ್ನು ಉತ್ತರದ ಮೇಲೆ ಬರೆ. ದಾರಿಯ ದಿನಗಳಿಗೆ ಹಳೆಯ ಲೆಕ್ಕವೇ.

ನಿನ್ನ,
ಒಂಟೆ